ಹನ್ನೊಂದರಲ್ಲಿ ಎರಡು ಕಳೆದರೆ...

ತುಂಬಾ ದಿನವಾಯ್ತು ಇಲ್ಲಿ ಏನಾದರೂ ಬರೆದು. ಆಫೀಸು, ಡೆಡ್‌ಲೈನು, ಸೋಮಾರಿತನ... ಅವೇ ಹಳೇ ನೆಪಗಳು, ನಿಮಗೂ ಗೊತ್ತಿರೋವೇ ಬಿಡಿ. ಈ ಯುಗಾದಿಗೆ ಊರಿಗೆ ಹೋಗಿ ಬಂದಮೇಲೆ ಮಾತ್ರ ಒಂದು ವಿಷಯ ತಲೆಯಲ್ಲಿ ಕೊರೀತಾನೇ ಇದೆ. ಬರೆದು ಹಗುರಾಗೋಣ ಅಂತ ಕೂತಿದ್ದೀನಿ. ಸ್ವಲ್ಪ ಲೆಕ್ಕ, ಸ್ವಲ್ಪ ಕಾನೂನು ಬರುತ್ತೆ, ಬೇಜಾರು ಮಾಡ್ಕೋಬೇಡಿ.

ಮೊದಲು ನಮ್ಮ ಕಾಕಾನ ಬಗ್ಗೆ ಹೇಳಬೇಕು. ಕಾಕಾ ಅಂದರೆ ಅಪ್ಪನ ತಮ್ಮ. ಹದಿನಾರನೇ ವಯಸ್ಸಿಗೆ ಮೇಡ್ಲೇರಿಯಿಂದ ರಾಣೇಬೆನ್ನೂರಿಗೆ ಹೋಗಿ ಯಾರದೋ ಬಟ್ಟೆ ಅಂಗಡಿಯಲ್ಲಿ ಸೀರೆ ಮಡಚುತ್ತಾ ಕೆಲಸ ಕಲಿತು, ಆಮೇಲೆ ಸಾಲ ಸೋಲ ಮಾಡಿ ಸ್ವಂತ ಅಂಗಡಿ ಹಾಕಿದವನು. ಕೆಳಗೆ ಸೀರೆ, ಮೇಲೆ ರೆಡಿಮೇಡ್. ಹನ್ನೊಂದು ಜನ ಕೆಲಸಕ್ಕಿದ್ದಾರೆ, ಅದರಲ್ಲಿ ಎಂಟು ಹೆಣ್ಣುಮಕ್ಕಳು. ನಮ್ಮೂರಿಂದ, ಸುತ್ತಲ ಹಳ್ಳಿಗಳಿಂದ ಬೆಳಗಿನ ಬಸ್ಸಿಗೆ ಬಂದು ರಾತ್ರಿ ಬಸ್ಸಿಗೆ ವಾಪಸ್ ಹೋಗುವವರು. ಇನ್ನೊಂದು ಮಾತು. ದಾವಣಗೆರೆಯಲ್ಲಿ ನನ್ನ ಇಂಜಿನಿಯರಿಂಗ್ ಎರಡನೇ ವರ್ಷದ ಫೀಸು ಕಟ್ಟಿದ್ದು ಇದೇ ಕಾಕಾ. ಆ ವರ್ಷ ನಮ್ಮ ಹೊಲದಲ್ಲಿ ಏನೂ ಬಂದಿರಲಿಲ್ಲ. ಇದನ್ನ ಯಾಕೆ ಹೇಳ್ತಿದ್ದೀನಿ ಅನ್ನೋದು ಮುಂದೆ ಗೊತ್ತಾಗುತ್ತೆ.

2021ರಲ್ಲಿ ವರ್ಕ್ ಫ್ರಂ ಹೋಮ್ ಅಂತ ನಾನು ಮೇಡ್ಲೇರಿಯಲ್ಲೇ ಕೂತಿದ್ದಾಗ ಕಾಕಾನ ಅಂಗಡಿಗೆ ಒಂದು ಎಕ್ಸೆಲ್ ಶೀಟ್ ಮಾಡಿಕೊಟ್ಟಿದ್ದೆ. ಹಾಜರಿ, ಪಗಾರ, ಮುಂಗಡ, ಎಲ್ಲಾ ಒಂದೇ ಕಡೆ. (ಬೆಂಗಳೂರಲ್ಲಿ ಎಷ್ಟು ಸಾವಿರ ಸಾಲು ಕೋಡ್ ಬರೆದರೂ ನಮ್ಮ ಮನೆಯವರ ದೃಷ್ಟಿಯಲ್ಲಿ ನಾನು ಮಾಡಿದ ಏಕೈಕ ಉಪಯೋಗದ ಕೆಲಸ ಅದು!) ತಿಂಗಳಿಗೊಮ್ಮೆ ಏನಾದರೂ ಕೆಟ್ಟರೆ ಕಾಕಾನ ಫೋನು ಬರುತ್ತೆ.

2025ರ ಸೆಪ್ಟೆಂಬರ್ ಕೊನೆಯಲ್ಲಿ, ದಸರೆಗೆ ಇನ್ನೇನು ನಾಲ್ಕೈದು ದಿನ ಇರುವಾಗ, ಹಾಗೇ ಒಂದು ಫೋನು ಬಂತು.

"ಲೇ ತಮ್ಮಾ, ನಿನ್ನ ಶೀಟಿನಾಗ ಹನ್ನೊಂದು ಹೆಸರು ಅದಾವಲ್ಲ?"

"ಹೌದು ಕಾಕಾ."

"ಅದ್ರಾಗ ಎರಡು ತಗದುಬಿಡು."

"ಯಾಕ, ಯಾರರ ಬಿಟ್ಟು ಹೋದ್ರೇನು?"

"ಯಾರೂ ಹೋಗಿಲ್ಲ. ಹೆಸರಷ್ಟ ತಗಿ."

ವಿಷಯ ಏನಂದರೆ, ಸೀರೆ ಸೆಕ್ಷನ್ನಿನಲ್ಲಿರೋ ಒಬ್ಬಳು ಹುಡುಗಿ ಐದು ತಿಂಗಳ ಬಸುರಿ. ಹೆಸರು ಬೇಡ, ನಮ್ಮೂರವಳೇ. ಶಾಲೆಯಲ್ಲಿ ನನಗಿಂತ ಎರಡು ಕ್ಲಾಸು ಹಿಂದಿದ್ದಳು. ನಾಲ್ಕು ವರ್ಷದಿಂದ ಅಲ್ಲೇ ಕೆಲಸ. ಲೆಕ್ಕ ಬರೆಯೋರು ಕಾಕಾನ ಕಿವಿಯಲ್ಲಿ ಒಂದು ಮಾತು ಹಾಕಿದ್ದರು. ಹತ್ತು ಜನ ಇದ್ದರೆ ಹೆರಿಗೆ ರಜೆಯ ಕಾನೂನು ಬರುತ್ತೆ, 26 ವಾರ ಪೂರ್ತಿ ಪಗಾರ ಕೊಡಬೇಕು. ಹತ್ತಕ್ಕಿಂತ ಕಮ್ಮಿ ಇದ್ದರೆ ಇಲ್ಲ. ಹನ್ನೊಂದರಲ್ಲಿ ಎರಡು ಕಳೆದರೆ ಒಂಬತ್ತು. ಒಂದನೇ ಕ್ಲಾಸಿನ ಲೆಕ್ಕ.

"ಆತು ಕಾಕಾ, ನೋಡ್ತೀನಿ" ಅಂದೆ. ಫೀಸು ಕಟ್ಟಿದವನಿಗೆ ಇನ್ನೇನು ಅನ್ನಲಿ?

ಅವತ್ತು ರಾತ್ರಿ ಶೀಟ್ ತೆಗೆದೆ. ಮೇಲಿನ ಮಹಡಿಯ ಇಬ್ಬರು ಹುಡುಗರ ಸಾಲು ಆರಿಸಿ ಡಿಲೀಟ್ ಒತ್ತಿದೆ. ಒಂಬತ್ತಾಯ್ತು. ಕೆಳಗಿನ ಮೊತ್ತ ತಾನಾಗೇ ಸರಿಹೋಯ್ತು. ಸುಳ್ಳು ಬರೆದರೂ ಸೂತ್ರ ಕೆಡಲಿಲ್ಲ ನೋಡಿ, ಅಷ್ಟು ಚೆನ್ನಾಗಿ ಮಾಡಿದ್ದೆ ಶೀಟನ್ನ! ಆಮೇಲೆ ಸುಮ್ಮನಿರಲಾರದೆ ಕಾನೂನು ಏನು ಹೇಳುತ್ತೆ ಅಂತ ಓದೋಕೆ ಕೂತೆ. ಹೆರಿಗೆ ಸೌಲಭ್ಯ ಕಾಯ್ದೆ, 1961. ಹಿಂದಿನ ಹನ್ನೆರಡು ತಿಂಗಳಲ್ಲಿ ಯಾವ ಒಂದು ದಿನವಾದರೂ ಹತ್ತು ಜನ ಕೆಲಸ ಮಾಡಿದ್ದರೆ ಆ ಅಂಗಡಿಗೆ ಕಾಯ್ದೆ ಅನ್ವಯ ಅಂತಿತ್ತು. ಅಂದರೆ ಈ ತಿಂಗಳ ಎರಡು ಸಾಲು ಅಳಿಸಿದರೆ ಸಾಲದು, ಹಿಂದಿನ ಹನ್ನೆರಡು ಶೀಟು ತೆಗೆದು ಎಲ್ಲದರಲ್ಲೂ ಅಳಿಸಬೇಕು. ಆ ಇಬ್ಬರು ಹುಡುಗರು ಇಡೀ ವರ್ಷ ಹೊತ್ತ ಬಟ್ಟೆ ಗಂಟುಗಳನ್ನ ಯಾರೂ ಹೊರಲೇ ಇಲ್ಲ ಅನ್ನಬೇಕು. ಕೈ ಬರಲಿಲ್ಲ. ಹಾಗಂತ ಕಾಕಾನಿಗೆ "ಆಗಲ್ಲ" ಅಂತ ಹೇಳೋ ಧೈರ್ಯವೂ ಬರಲಿಲ್ಲ. ಒಂಬತ್ತು ಹೆಸರಿನ ಆ ಫೈಲು ಮೂರು ವಾರ ನನ್ನ ಡೆಸ್ಕ್‌ಟಾಪ್ ಮೇಲೆ ಹಾಗೇ ಕೂತಿತ್ತು. ಕಾಕಾ ಕೇಳಿದಾಗಲೆಲ್ಲ "ನಾಳೆ ಕಳಿಸ್ತೀನಿ" ಅಂತಿದ್ದೆ.

ಕಾಕಾನ್ನ ಖಳನಾಯಕ ಮಾಡೋದು ಸುಲಭ. ಆದರೆ ಲೆಕ್ಕ ನೋಡಿ. ಅವಳ ಪಗಾರ ತಿಂಗಳಿಗೆ 12,000, ದಿನಕ್ಕೆ 400. 26 ವಾರ ಅಂದರೆ 182 ದಿನ. 72,800 ರೂಪಾಯಿ. ಅವಳ ಜಾಗಕ್ಕೆ ಇನ್ನೊಬ್ಬರನ್ನ ಇಟ್ಟುಕೊಂಡರೆ ಮತ್ತೆ ಅಷ್ಟೇ. ನಮ್ಮ ಆಫೀಸಿನಲ್ಲೂ ಕಳೆದ ವರ್ಷ ನಮ್ಮ ಟೀಮ್ ಲೀಡ್ ಹೆರಿಗೆ ರಜೆ ಹಾಕಿದ್ದರು. ಒಂದು ಇಮೇಲ್ ಬಂತು, ಕೇಕ್ ಕತ್ತರಿಸಿದೆವು, ಎರಡು ವಾರಕ್ಕೆ ಅವರ ಜಾಗಕ್ಕೆ ಬೇರೆಯವರು ಬಂದರು. ಸಾವಿರಾರು ಜನರಿರೋ ಕಂಪನಿಗೆ ಒಬ್ಬರ ಆರು ತಿಂಗಳ ಸಂಬಳ ಯಾವ ಲೆಕ್ಕ? ಹನ್ನೊಂದು ಜನರ ಅಂಗಡಿಗೆ ಅದು ಒಂದು ಸೀಸನ್ನಿನ ಲಾಭ. ಕಾನೂನು ಇಬ್ಬರಿಗೂ ಒಂದೇ, ಭಾರ ಮಾತ್ರ ಒಂದೇ ಅಲ್ಲ.

ಆ ಭಾರ ಕೊನೆಗೆ ಯಾರ ಮೇಲೆ ಬೀಳುತ್ತೆ ಅನ್ನೋದು ನಮ್ಮ ಮನೆಯಲ್ಲೇ ಗೊತ್ತಿದೆ. ನಮ್ಮಕ್ಕ ಬಿ.ಎಡ್. ಮುಗಿಸಿ ಒಂದು ಖಾಸಗಿ ಶಾಲೆಗೆ ಸಂದರ್ಶನಕ್ಕೆ ಹೋಗಿದ್ದಳು. ಪಾಠದ ಬಗ್ಗೆ ಎರಡು ಪ್ರಶ್ನೆ ಕೇಳಿ, ಮೂರನೇದಾಗಿ "ಮದುವಿ ಆಗಿ ಎಷ್ಟು ದಿನ ಆತು?" ಅಂತ ಕೇಳಿದರಂತೆ. ನಾಲ್ಕು ತಿಂಗಳು ಅಂದಳು. ಆಮೇಲೆ ಫೋನೇ ಬರಲಿಲ್ಲ. ಅವತ್ತು ಆ ಶಾಲೆಯವರನ್ನ ಮನಸಾರೆ ಬೈದಿದ್ದೆ. ಈಗ ನನ್ನ ಡೆಸ್ಕ್‌ಟಾಪ್ ಮೇಲೇ ಅಂಥದ್ದೊಂದು ಫೈಲು!

ಓದುತ್ತಾ ಹೋದಂತೆ ಗೊತ್ತಾಗಿದ್ದು, ಈ ತೊಂದರೆ ಸರ್ಕಾರಕ್ಕೆ ಗೊತ್ತಿಲ್ಲದ್ದೇನಲ್ಲ. 2017ರಲ್ಲಿ ಹೆರಿಗೆ ರಜೆಯನ್ನ 12 ವಾರದಿಂದ 26 ವಾರಕ್ಕೆ ಏರಿಸಿದರು. ಖರ್ಚು ಪೂರ್ತಿ ಮಾಲೀಕರದ್ದೇ. ಹೆಣ್ಣುಮಕ್ಕಳನ್ನ ಕೆಲಸಕ್ಕೇ ತಗೊಳ್ಳಲ್ಲ ಅನ್ನೋ ಮಾತು ಎಲ್ಲಾ ಕಡೆ ಶುರುವಾದಾಗ, 2018ರ ನವೆಂಬರ್‌ನಲ್ಲಿ ಕೇಂದ್ರ ಕಾರ್ಮಿಕ ಸಚಿವಾಲಯ ಒಂದು ಹೇಳಿಕೆ ಕೊಟ್ಟಿತು. ತಿಂಗಳಿಗೆ 15,000ದವರೆಗೆ ಪಗಾರ ಇರುವ ಹೆಣ್ಣುಮಕ್ಕಳಿಗೆ 26 ವಾರ ರಜೆ ಕೊಟ್ಟ ಮಾಲೀಕರಿಗೆ, ಕೆಲವು ಷರತ್ತುಗಳ ಮೇಲೆ, 7 ವಾರದ ಪಗಾರವನ್ನ ಸರ್ಕಾರ ವಾಪಸ್ ಕೊಡುವ ಯೋಜನೆ ಮಾಡ್ತಿದ್ದೀವಿ, ಸುಮಾರು 400 ಕೋಟಿ ಖರ್ಚಾಗಬಹುದು ಅಂತ. ಹೆಚ್ಚಾದದ್ದು 14 ವಾರ, ಅದರಲ್ಲಿ ಅರ್ಧ 7 ವಾರ. ನ್ಯಾಯವಾದ ಲೆಕ್ಕವೇ. ನಮ್ಮ ಸೀರೆ ಸೆಕ್ಷನ್ನಿನ ಹುಡುಗಿಗೆ ಹಾಕಿ ನೋಡಿದರೆ 49 ದಿನ, 19,600 ರೂಪಾಯಿ. ಆದರೆ ಆ ಯೋಜನೆ ಪ್ರಸ್ತಾವದ ಹಂತ ದಾಟಲೇ ಇಲ್ಲ.

ಇನ್ನೂ ಹಿಂದಕ್ಕೆ ಹೋದರೆ ಮಜಾ ಇದೆ. ನಮ್ಮ ಹಾವೇರಿ ಜಿಲ್ಲೆ ಹುಟ್ಟಿದ್ದು 1997ರಲ್ಲಿ, ನನಗಿಂತ ಒಂದೇ ವರ್ಷ ದೊಡ್ಡದು. ಅದಕ್ಕೂ ಮುಂಚೆ ನಾವು ಧಾರವಾಡ ಜಿಲ್ಲೆ, ಬ್ರಿಟಿಷರ ಕಾಲದಲ್ಲಿ ಮುಂಬಯಿ ಪ್ರಾಂತ್ಯ. ಆ ಪ್ರಾಂತ್ಯದ ವಿಧಾನ ಪರಿಷತ್ತಿನಲ್ಲಿ 1928ರ ಜುಲೈನಲ್ಲಿ ಕಾರ್ಖಾನೆಯ ಹೆಂಗಸರಿಗೆ ಹೆರಿಗೆ ಭತ್ಯೆ ಕೊಡುವ ಮಸೂದೆ ಚರ್ಚೆಗೆ ಬಂದಿತ್ತು. ಅದನ್ನ ಬೆಂಬಲಿಸಿ ಮಾತಾಡಿದವರಲ್ಲಿ ಡಾ. ಅಂಬೇಡ್ಕರ್ ಒಬ್ಬರು. ಜನರ ಹಿತ ಕಾಯೋದು ಮೊದಲು ಸರ್ಕಾರದ ಹೊಣೆ, ಆದ್ದರಿಂದ ಈ ಖರ್ಚಿನ ಹೆಚ್ಚಿನ ಭಾರ ಸರ್ಕಾರ ಹೊರಬೇಕು ಅನ್ನೋದನ್ನ ಅವರು ಒಪ್ಪಿದರು. ಹಾಗಂತ ಹೆಂಗಸಿನ ದುಡಿಮೆಯಿಂದ ಲಾಭ ಪಡೆಯೋ ಮಾಲೀಕನನ್ನ ಪೂರ್ತಿ ಬಿಟ್ಟುಬಿಡೋಕಾಗಲ್ಲ ಅಂತಲೂ ಹೇಳಿದರು. 1929ರಲ್ಲಿ ಅದು ಕಾಯ್ದೆಯಾಯ್ತು. ಸುಮಾರು ನೂರು ವರ್ಷ ಆಗ್ತಾ ಬಂತು. ಮಾಲೀಕನ ಪಾಲು ಕಾನೂನಿನಲ್ಲಿ ಗಟ್ಟಿಯಾಗಿ ಬರೆದಿದೆ. ಸರ್ಕಾರದ ಪಾಲು ಎಲ್ಲಿ?

ಬೇರೆ ದೇಶಗಳಲ್ಲಿ ಹೇಗೆ ಅಂತ ಸಿಯಾಟಲ್‌ನಲ್ಲಿರೋ ನನ್ನ ಕಾಲೇಜು ಗೆಳೆಯನನ್ನ ಕೇಳಿದೆ. ಅವನಿರೋ ವಾಷಿಂಗ್ಟನ್ ರಾಜ್ಯದಲ್ಲಿ 2020ರಿಂದ ರಜೆಯ ದುಡ್ಡು ಬರೋದು ರಾಜ್ಯದ ವಿಮಾ ನಿಧಿಯಿಂದ. ಅದರ ಮೇಲೆ, ರಜೆ ಹೋದವರ ಜಾಗಕ್ಕೆ ತಾತ್ಕಾಲಿಕವಾಗಿ ಇನ್ನೊಬ್ಬರನ್ನ ಇಟ್ಟುಕೊಂಡ ಸಣ್ಣ ಮಾಲೀಕರಿಗೆ 3,000 ಡಾಲರ್‌ವರೆಗೆ ಅನುದಾನವೂ ಉಂಟು. ಬ್ರಿಟನ್ನಿನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ. ಸಣ್ಣ ಮಾಲೀಕ ಕಾನೂನು ಪ್ರಕಾರದ ಹೆರಿಗೆ ಭತ್ಯೆ ನೂರು ಪೌಂಡು ಕೊಟ್ಟರೆ, 2025ರ ಏಪ್ರಿಲ್‌ನಿಂದ ಸರ್ಕಾರ 108.5 ಪೌಂಡು ವಾಪಸ್ ಕೊಡ್ತಿತ್ತು. ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2000ದ ಒಪ್ಪಂದ ಹೇಳೋದೂ ಇದನ್ನೇ, ಹೆರಿಗೆ ಭತ್ಯೆಯ ಖರ್ಚು ಒಬ್ಬ ಮಾಲೀಕನ ತಲೆಗೇ ಕಟ್ಟಬಾರದು ಅಂತ. ಆ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ.

ಸರಿ, ಸಿಯಾಟಲ್ ಬಿಟ್ಟು ರಾಣೇಬೆನ್ನೂರಿಗೆ ಬರೋಣ. ನಮ್ಮಲ್ಲೂ ಒಂದು ದಾರಿ ಇದೆ, ನನಗೇ ಗೊತ್ತಿರಲಿಲ್ಲ. ಇಎಸ್‌ಐ! ಅದು ಫ್ಯಾಕ್ಟರಿಯವರಿಗೆ ಮಾತ್ರ ಅಂದ್ಕೊಂಡಿದ್ದೆ. ಹತ್ತು ಜನ ಇರೋ ಅಂಗಡಿಗೂ ಬರುತ್ತೆ. 21,000ದವರೆಗೆ ಪಗಾರ ಇರೋರಿಗೆ ಮಾಲೀಕ ನೂರಕ್ಕೆ 3.25, ಕೆಲಸದವರು 0.75 ತುಂಬಬೇಕು. ಆಗ 26 ವಾರದ ಪಗಾರ ಕೊಡೋದು ಇಎಸ್‌ಐ, ಮಾಲೀಕ ಅಲ್ಲ. ಜೊತೆಗೆ ಎಲ್ಲರಿಗೂ, ಅವರ ಮನೆಯವರಿಗೂ ಔಷಧೋಪಚಾರ. ಇಷ್ಟು ವರ್ಷ ಸೇರದೇ ಇದ್ದವರು ಹಳೇ ಬಾಕಿಯ ಹೆದರಿಕೆ ಇಲ್ಲದೆ ಸೇರಲಿ ಅಂತ 2025ರ ಜುಲೈ 1ರಿಂದ ಡಿಸೆಂಬರ್ 31ರವರೆಗೆ 'ಸ್ಪ್ರೀ' ಅನ್ನೋ ಯೋಜನೆ ಬೇರೆ ತೆರೆದಿದ್ದರು.

ದೀಪಾವಳಿಗೆ ಊರಿಗೆ ಹೋದವನು ಪಾಡ್ಯದ ಮರುದಿನ ಲ್ಯಾಪ್‌ಟಾಪ್ ಹಿಡಿದು ಅಂಗಡಿಗೆ ಹೋದೆ. ಕಾಕಾ ಗಲ್ಲೆಯ ಹಿಂದೆ ಕೂತು ಹಬ್ಬದ ವ್ಯಾಪಾರದ ಚೀಟಿ ಕೂಡಿಸುತ್ತಿದ್ದ.

"ತಂದೇನು ಒಂಬತ್ತರ ಶೀಟು?"

"ಇಲ್ಲ ಕಾಕಾ. ನನ್ನ ಕೈಲೆ ಆಗಲಿಲ್ಲ."

ಒಂದು ನಿಮಿಷ ಮಾತಾಡಲಿಲ್ಲ. ಬೈತಾನೆ ಅಂದ್ಕೊಂಡೆ. ಆಮೇಲೆ ಮೆತ್ತಗೆ ಹೇಳಿದ, "ಕೊಡಬಾರದು ಅಂತಲ್ಲ ತಮ್ಮಾ. ಆ ಹುಡುಗಿ ನಮ್ಮ ಮನಿ ಮಗಳಿದ್ದಂಗ. ಆದ್ರ ಇವತ್ತು ಈಕಿಗೆ ಕೊಟ್ಟೆ ಅಂತ ತಿಳಿ. ನಾಳೆ ಮದಿವ್ಯಾದ ಹುಡುಗಿ ಕೆಲಸ ಕೇಳಿ ಬಂದ್ರ ಇಟ್ಕೊಳ್ಳಾಕ ನನಗ ಧೈರ್ಯ ಬರಾಂಗಿಲ್ಲ."

ಅಕ್ಕನ ಸಂದರ್ಶನ ನೆನಪಾಯ್ತು. ಆ ಶಾಲೆಯವರೂ ಒಳಗೊಳಗೆ ಇದನ್ನೇ ಅಂದುಕೊಂಡಿದ್ದರೇನೋ. ಕಾಕಾ ಬಾಯಿಬಿಟ್ಟು ಹೇಳಿದ, ಅಷ್ಟೇ.

ಶೀಟ್ ತೆಗೆದು ತೋರಿಸಿದೆ. ಎಲ್ಲರ ಪಗಾರ ಸರಾಸರಿ 12,000 ಹಿಡಿದರೆ ಹನ್ನೊಂದು ಜನರದ್ದು 1,32,000. ಕಾಕಾ ತುಂಬೋದು ತಿಂಗಳಿಗೆ 4,290. ಒಬ್ಬೊಬ್ಬರ ಪಗಾರದಲ್ಲಿ ಕಡಿತ ಆಗೋದು 90 ರೂಪಾಯಿ.

"ಅಂದ್ರ ನಾ ತುಂಬಿದ ರೊಕ್ಕ ಯಾವುದೋ ಊರಿನ ಅಂಗಡ್ಯಾಗಿನ ಹೆಣ್ಣುಮಗಳ ಬಾಣಂತನಕ್ಕ ಹೋಗತೈತಿ?"

"ಹೌದು. ಆ ಊರಿನವರದ್ದು ನಮ್ಮವರ ಬಾಣಂತನಕ್ಕ ಬರತೈತಿ."

ಕಾಕಾ ಸ್ವಲ್ಪ ಹೊತ್ತು ಯೋಚಿಸಿದ. "ಅಂದ್ರ ಮುಯ್ಯಿ ಇದ್ದಂಗ ಅನ್ನು."

ನಾನು ಮೂರು ವಾರ ಓದಿ ಅರ್ಥ ಮಾಡ್ಕೊಂಡಿದ್ದನ್ನ ಕಾಕಾ ಒಂದೇ ಮಾತಿನಲ್ಲಿ ಹೇಳಿಬಿಟ್ಟ. ನಮ್ಮ ಕಡೆ ಮದುವೆಯಲ್ಲಿ ಮುಯ್ಯಿ ಓದಿಸ್ತಾರಲ್ಲ, ಪುಸ್ತಕದಲ್ಲಿ ಬರೆದಿಡ್ತಾರಲ್ಲ, ಇವತ್ತು ನಿಮ್ಮನೆಗೆ ನಾನು, ನಾಳೆ ನಮ್ಮನೆಗೆ ನೀವು. ಒಬ್ಬನೇ ಮದುವೆ ಮಾಡಿದರೆ ಹೊಲ ಮಾರಬೇಕು. ಊರೆಲ್ಲ ಸೇರಿದರೆ ಹೇಗೋ ದಾಟುತ್ತೆ.

ಆದರೆ ಕಾಕಾ ವ್ಯಾಪಾರಸ್ಥ, ಮುಂದಿನ ಪ್ರಶ್ನೆ ತಯಾರಿತ್ತು. "ಈಗಿನ ಈ ಹುಡುಗಿದು?"

ಅಲ್ಲೇ ಇತ್ತು ತೊಡಕು. ಇಎಸ್‌ಐನಲ್ಲಿ ಹೆರಿಗೆ ಭತ್ಯೆ ಸಿಗಬೇಕಾದರೆ ಮುಂಚೆ ಕನಿಷ್ಠ 70 ದಿನದ ವಂತಿಗೆ ತುಂಬಿರಬೇಕು, ಅದಕ್ಕೆ ಅದರದೇ ಆರಾರು ತಿಂಗಳ ಅವಧಿ ಬೇರೆ. ಅವಳ ಹೆರಿಗೆ ಜನವರಿಯಲ್ಲಿ, ಈಗ ಸೇರಿದರೆ ಅಷ್ಟರಲ್ಲಿ ಆಗಲ್ಲ. ಅಲ್ಲಿಯವರೆಗೆ ಹೊಣೆ ಮಾಲೀಕನದ್ದೇ. ಮೊದಲೇ ಮುಯ್ಯಿ ಹಾಕದವನ ಮನೆ ಮದುವೆ ಅವನೊಬ್ಬನೇ ಮಾಡಬೇಕು. ಇಂಥ ಕಡೆಯೇ ಅಲ್ಲವಾ ಆ 7 ವಾರದ ದುಡ್ಡು ಬೇಕಾಗಿದ್ದು?

ಕಾಕಾ ಅವತ್ತು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ನವೆಂಬರ್ 21ಕ್ಕೆ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು, 1961ರ ಕಾಯ್ದೆ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿತು. 26 ವಾರ ಹಾಗೇ ಉಳಿಯಿತು, ಖರ್ಚು ಮಾಲೀಕನದ್ದು ಅನ್ನೋದೂ ಹಾಗೇ ಉಳಿಯಿತು. ಹತ್ತಕ್ಕಿಂತ ಕಮ್ಮಿ ಜನ ಇರೋ ಅಂಗಡಿಗಳೂ, ಮಾಲೀಕರು ಮತ್ತು ಹೆಚ್ಚಿನ ಕೆಲಸಗಾರರು ಒಪ್ಪಿದರೆ, ತಾವಾಗಿ ಇಎಸ್‌ಐಗೆ ಸೇರಬಹುದು ಅಂತಾಯ್ತು. ಅದನ್ನೂ ಕಾಕಾನಿಗೆ ಹೇಳಿದೆ. "ಒಂಬತ್ತು ಮಾಡಿ ಏನೂ ಉಪಯೋಗಿಲ್ಲ ಅನ್ನು" ಅಂತ ನಕ್ಕ. ಡಿಸೆಂಬರ್ ಎರಡನೇ ವಾರ ಹನ್ನೊಂದೂ ಹೆಸರು ಹಾಕಿ ನೋಂದಣಿ ಮಾಡಿಸಿದ. ಮೇಲಿನ ಮಹಡಿಯ ಹುಡುಗರಿಬ್ಬರು 90 ರೂಪಾಯಿ ಕಡಿತಕ್ಕೆ ಗೊಣಗಿದರಂತೆ. (ಒಂದು ರಾತ್ರಿ ನಾನು ಅವರನ್ನ ಅಳಿಸಿಹಾಕಿದ್ದೆ ಅಂತ ಅವರಿಗೆ ಗೊತ್ತಿಲ್ಲ.) ಅದೇ ವಾರ ಆಕೆ ರಜೆ ಮೇಲೆ ಹೋದಳು. ಹೆರಿಗೆ ಮುಂಚಿನ 6 ವಾರದ 16,800 ಕಾಕಾ ಮುಂಗಡ ಕೊಟ್ಟ.

ಜನವರಿ ಕೊನೆಗೆ ಹೆಣ್ಣುಮಗು ಆಯ್ತು. ಹೆರಿಗೆಯ ದಾಖಲೆ ಕೊಟ್ಟ 48 ಗಂಟೆಯೊಳಗೆ ಉಳಿದ 20 ವಾರದ್ದು, 56,000, ಒಟ್ಟಿಗೆ ಕೊಡಬೇಕು. ಕಾಕಾನ ಫೋನು. "ತಮ್ಮಾ, ರೊಕ್ಕ ಎಲ್ಲಾ ಸೂರತ್‌ಗೆ ಹೋಗೈತಿ, ಮದುವಿ ಸೀಜನ್ನಿನ ಮಾಲಿಗೆ." ಅಷ್ಟೇ ಹೇಳಿದ, ಏನೂ ಕೇಳಲಿಲ್ಲ. ನಾನು 19,600 ಕಳಿಸಿದೆ.

"ಇದೇನ್ಲೇ, ಹತ್ತೊಂಬತ್ತು ಸಾವಿರದ ಆರುನೂರು? ಯಾವ ಲೆಕ್ಕ?"

"ಸರ್ಕಾರದ ಏಳು ವಾರದ ಪಾಲು ಕಾಕಾ. ಅವರು ಕೊಡೋವರೆಗೂ ಇಟ್ಕೋ."

"ನೀ ಯಾವಾಗ ಸೆಂಟ್ರಲ್ ಗೌರ್ಮೆಂಟ್ ಆದಿ?" ಅಂತ ನಕ್ಕ. ಬೇಡ ಅಂತ ಹೇಳ್ತಾನೆ ಅಂದ್ಕೊಂಡಿದ್ದೆ. ಹೇಳಲಿಲ್ಲ.

ಇದನ್ನ ದೊಡ್ಡಸ್ತಿಕೆಗೆ ಬರೀತಿಲ್ಲ. ನನ್ನ ಫೀಸಿನ ಮುಂದೆ ಅದು ಯಾವ ಲೆಕ್ಕವೂ ಅಲ್ಲ. ಎಲ್ಲಾ ಅಂಗಡಿಯವರಿಗೂ ಬೆಂಗಳೂರಲ್ಲಿ ಸಂಬಳ ಎಣಿಸೋ ಅಣ್ಣನ ಮಗ ಇರಲ್ಲ, ಅದನ್ನ ಹೇಳೋಕೆ ಬರೆದೆ.

ಯುಗಾದಿಗೆ ಮಗು ನೋಡೋಕೆ ಅವ್ವನ ಜೊತೆ ಹೋಗಿದ್ದೆ. ಎರಡು ತಿಂಗಳು ತುಂಬುತ್ತಾ ಬಂದಿತ್ತು. "ಅಣ್ಣಾ, ಜೂನ್ ಹತ್ತಕ್ಕ ಬರ್ತೀನಿ ಅಂತ ಸಾವಕಾರಗ ಹೇಳ್ರಿ, ನನ್ನ ಕೌಂಟರು ಯಾರಿಗೂ ಕೊಡಬ್ಯಾಡ ಅನ್ರಿ" ಅಂದಳು. ಮಗುವಿನ ಕೈಯಲ್ಲಿ ಕರಿಬಳೆ. ಅವ್ವ ಕೈಗೆ ನೂರು ರೂಪಾಯಿ ತುರುಕಿದಳು.

ವಾಪಸ್ ಬರುವಾಗ ದಾರಿಯಲ್ಲಿ ಅವ್ವ ಕೇಳಿದಳು, "ಮನ್ಯಾಗ ಕುಂತ್ರೂ ಪಗಾರ ಬರತೈತೇನು ಆಕಿಗೆ?" ಹೌದು ಅಂದೆ. "ಚಲೋ ಆತು" ಅಂದಳು. ಸ್ವಲ್ಪ ದೂರ ನಡೆದಮೇಲೆ, "ನಿನ್ನ ಹಡದು ಮೂರು ತಿಂಗಳಿಗೆ ಬೀಜದ ಹೊಲಕ್ಕ ಕ್ರಾಸಿಂಗ್‌ಗೆ ಹೋಗಿದ್ನಿ. ಹೊಲದಾಗ ನಿಂತವರಿಗೂ ಏನರ ಐತೇನೋ ಈಗ?"

ಮೊದಲ ಮಗುವಿಗೆ ಮಾತೃವಂದನಾ ಯೋಜನೆಯ 5,000 ಇದೆ ಅಂದೆ. 2017ರಿಂದ ಇರೋದು ಅದು. ಹನ್ನೆರಡೂವರೆ ದಿನದ ಪಗಾರ, ಸೀರೆ ಸೆಕ್ಷನ್ನಿನ ಲೆಕ್ಕದಲ್ಲಿ. ಅವಳ ಮಾಲೀಕ ಯಾರು, ಹಾಜರಿ ಪುಸ್ತಕ ಎಲ್ಲಿತ್ತು, ಅವಳ ಸಾಲು ಯಾವ ಶೀಟಿನಲ್ಲಿತ್ತು? ಅಳಿಸೋಕೂ ಒಂದು ಹೆಸರು ಬರೆದಿರಬೇಕಲ್ಲ.

ಅವ್ವ ಮುಂದೆ ಏನೂ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಬೆಂಗಳೂರಿಗೆ ಬಂದು ಆ ಒಂಬತ್ತರ ಫೈಲು ಅಳಿಸಿದೆ. ನಿಮ್ಮ ಮನೆಯವರ ಅಂಗಡಿಯೋ, ಗಿರಣಿಯೋ, ಸಣ್ಣ ಆಫೀಸೋ ಇದ್ದರೆ, ಅಲ್ಲಿ ಎಷ್ಟು ಜನ ಕೆಲಸಕ್ಕಿದ್ದಾರೆ, ಪುಸ್ತಕದಲ್ಲಿ ಎಷ್ಟು ಜನ ಇದ್ದಾರೆ, ಒಮ್ಮೆ ಎಣಿಸಿ ನೋಡಿ. ನಿಮ್ಮ ಕಡೆ ಏನು ಮಾಡ್ತಾರೆ ಅಂತ ಬರೆದು ತಿಳಿಸಿ. ಕಾಕಾನಿಗೂ ಓದಿ ಹೇಳ್ತೀನಿ.